ಭಾವನ ಬೆಸುಗೆ

ಹಳೆಯ ಕಾರುಗಳ ಎಸಿ ರಿಪೇರಿ ಮಾಡುವ ಅವನನ್ನು ಬೀದಿಯವರೆಲ್ಲ ಗ್ಯಾಸಣ್ಣ ಎಂದೇ ಕರೆಯುತ್ತಿದ್ದರು. ಗಾಡಿಗೆ ತುಂಬುವುದೂ ಗ್ಯಾಸು, ಬಾಯಲ್ಲಿ ಬಿಡುವುದೂ ಗ್ಯಾಸು ಎಂದು ಎದುರಿಗೇ ನಗುತ್ತಿದ್ದರು, ಅವನೂ ನಗುತ್ತಿದ್ದ. ಮಾತು ಹೆಚ್ಚು, ನಿಜ. ಆದರೆ ಕೆಲಸ ಬಲ್ಲವನು. ಕಲಿಸಿದವರು ಅಕ್ಕನ ಗಂಡ, ಅವರ ಅಂಗಡಿ ಇದ್ದದ್ದು ರಸ್ತೆಯ ಆಚೆ ಬದಿಯಲ್ಲೇ. ಯಾವ ಕೆಲಸದಲ್ಲೂ ನಿಲ್ಲದೆ ಅಂಡಲೆಯುತ್ತಿದ್ದವನ ಕೈಗೆ ಹದಿನೆಂಟು ವರ್ಷದ ಹಿಂದೆ ಸ್ಪ್ಯಾನರ್ ಕೊಟ್ಟು ಭಾವ ಹೇಳಿದ್ದು ಒಂದೇ ಮಾತು: ಎಲ್ಲಿ ಸೋರುತ್ತಿದೆ ಎಂದು ಕಣ್ಣಾರೆ ನೋಡದೆ ಗ್ಯಾಸ್ ತುಂಬಬಾರದು. ತುಂಬಿದರೆ ತೂತಿನ ಕೊಡಕ್ಕೆ ನೀರು ಹೊಯ್ದಂತೆ.

ಆ ದಿನ ಅವನ ಅಂಗಡಿಗೆ ಬಂದದ್ದು ನಿವೃತ್ತ ನರ್ಸಮ್ಮನ ಹಳೆಯ ಕಾರು. ಒಂದು ವರ್ಷದಲ್ಲಿ ಮೂರನೆಯ ಸಲ. "ನೀನು ತುಂಬಿದ ಗ್ಯಾಸು ಎರಡು ತಿಂಗಳೂ ಬರಲಿಲ್ಲ ಕಣಪ್ಪ. ಮಳೆಗಾಲ, ಚಳಿಗಾಲ ಅಂತ ಸುಮ್ನಿದ್ದೆ, ಈಗ ಸೆಕೆ ತಡೆಯೋಕಾಗ್ತಿಲ್ಲ," ಎಂದರು. ಗೇಜ್ ಹಚ್ಚಿದರೆ ಮುಳ್ಳು ಕೆಳಗೇ ಮಲಗಿತ್ತು. ಕಂಪ್ರೆಸರ್ ಟಕ್ ಎಂದು ಹಿಡಿದು, ಉಸಿರೆಳೆಯುವಷ್ಟರಲ್ಲಿ ಬಿಟ್ಟುಬಿಡುತ್ತಿತ್ತು. ಗ್ಯಾಸ್ ಇಲ್ಲವೆಂಬುದು ಕುರುಡನಿಗೂ ತಿಳಿಯುವಂತಿತ್ತು.

ಹತ್ತು ತಿಂಗಳ ಕೆಳಗೆ ಇದೇ ಕಾರು ಎರಡನೆಯ ಸಲ ಬಂದಾಗ, ಅಂಗಡಿ ಮುಂದೆ ಬೇರೆ ಆರು ಗಾಡಿ ಕಾಯುತ್ತಿದ್ದವು. ಬಾನೆಟ್ ಎತ್ತಿದವನಿಗೆ ಪೈಪಿನ ಮೇಲೆ ಭಾವ ಎಂದೋ ಹಾಕಿದ್ದ ಬೆಸುಗೆ ಕಂಡಿತು. ಸೋಪಿನ ನೀರು ಹಚ್ಚಿ ಪರೀಕ್ಷಿಸಲು ಹತ್ತು ನಿಮಿಷ ಸಾಕಿತ್ತು. ಪರೀಕ್ಷಿಸಲಿಲ್ಲ. "ಭಾವನ ಬೆಸುಗೆ ಬಿಟ್ಟಿದೆ ಅಮ್ಮ. ವಯಸ್ಸಾಯ್ತಲ್ಲ, ಮೊದಲಿನ ಕೈ ಇಲ್ಲ," ಎಂದುಬಿಟ್ಟ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ಸದ್ಯಕ್ಕೆ ಓಡಲಿ ಎಂದು ಗ್ಯಾಸ್ ತುಂಬಿ ಕಳಿಸಿದ.

ಸಂಜೆಯೊಳಗೆ ಆ ಮಾತು ರಸ್ತೆ ದಾಟಿತು. ಭಾವ ಬಂದು ಬಾಗಿಲಲ್ಲಿ ನಿಂತರು.

"ಬೆಸುಗೆ ಬಿಟ್ಟಿದ್ದನ್ನ ನೀನೇ ನೋಡಿದ್ಯೇನಪ್ಪ?"

"ಹೂಂ ಭಾವ, ನೋಡಿದೀನಿ."

ಅವರು ತಲೆಯಾಡಿಸಿ ಹೊರಟುಹೋದರು. ಮರುದಿನದಿಂದ ಬೆಸುಗೆಗೆ ಉರಿ ಹೊತ್ತಿಸಲಿಲ್ಲ. ಅಂಥ ಕೆಲಸ ಬಂದರೆ ಬೇರೆ ಕಡೆ ಕಳಿಸಿ, ತಾವು ಫಿಲ್ಟರ್ ತೊಳೆಯುತ್ತ, ಫ್ಯಾನ್ ಬದಲಿಸುತ್ತ ಕೂತುಬಿಟ್ಟರು. "ಊಟಕ್ಕೆ ಕೂತ್ರೂ ಕೈ ತಿರುಗಿಸಿ ತಿರುಗಿಸಿ ನೋಡ್ಕೋತಾರೆ ಕಣೋ," ಎಂದು ಅಕ್ಕ ಒಮ್ಮೆ ಹೇಳಿದಳು. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ತೇಲಿಸಿದ್ದ, ಪುಣ್ಯಾತ್ಮ.

ಇಂದು ಬೇರೆ ಗಾಡಿ ಇರಲಿಲ್ಲ. ಇದ್ದಿದ್ದರೆ ಇಂದೂ ನೋಡುತ್ತಿರಲಿಲ್ಲವೇನೋ. ಪೈಪಿನೊಳಗೆ ಒತ್ತಡ ತುಂಬಿ, ಗೇಜ್ ಕಳಚಿ, ಬ್ರಷ್ಷಿನಿಂದ ಸೋಪಿನ ನೀರು ಬಳಿದ. ಬೆಸುಗೆಯ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ. ಮತ್ತೆ ಬಳಿದ. ಏನೂ ಇಲ್ಲ. ಕೊನೆಗೆ ಗ್ಯಾಸ್ ತುಂಬುವ ಬಾಯಿಗೆ ಬಳಿದಾಗ ಗುಳ್ಳೆಗಳು ಒಂದರ ಹಿಂದೊಂದು ಉಬ್ಬತೊಡಗಿದವು. ಒಳಗಿನ ವಾಲ್ವ್ ಸವೆದಿತ್ತು. ಅದರ ಮೇಲೆ ಬಿಗಿಯಾಗಿ ಕೂತು ಗ್ಯಾಸ್ ತಡೆಯಬೇಕಾದ ಮುಚ್ಚಳವೇ ಇರಲಿಲ್ಲ.

"ಇದನ್ನೇ ಹುಡುಕ್ತಿದ್ದೀಯಾ ನೋಡು," ಎಂದು ನರ್ಸಮ್ಮ ಕಾರಿನೊಳಗಿಂದ ಒಂದು ಸಣ್ಣ ಕಪ್ಪು ಮುಚ್ಚಳ ತಂದರು. "ನೀನು ಮೊದಲನೇ ಸಲ ಗ್ಯಾಸ್ ತುಂಬಿದ ದಿನ ಬ್ಯಾಟರಿ ಪಕ್ಕ ಬಿದ್ದಿತ್ತು. ಯಾತಕ್ಕಾದ್ರೂ ಬೇಕಾಗುತ್ತೆ ಅಂತ ಎತ್ತಿಟ್ಟೆ. ಅದಿರ್ಲಿ, ನಿಮ್ಮ ಭಾವನ ಬೆಸುಗೆ ಮತ್ತೆ ಬಿಡ್ತಾ? ಅವರ ಹತ್ರ ಬೆಸುಗೆ ಹಾಕಿಸ್ಬೇಡಿ ಅಂತ ನಾನಂತೂ ಸಿಕ್ಕಸಿಕ್ಕವರಿಗೆಲ್ಲ ಹೇಳಿದೀನಿ."

ಅವನ ಕಿವಿ ಬಿಸಿಯಾಯಿತು. ನಿಂತ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮುಚ್ಚಳ ಹಾಕಿ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬಂದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು, ಆದರೂ ಐದು ನಿಮಿಷ ಅದನ್ನೇ ಯೋಚಿಸಿದ. ಮನುಷ್ಯ ಅಷ್ಟು ಸುಲಭಕ್ಕೆ ಒಳ್ಳೆಯವನಾಗುವುದಿಲ್ಲ.

"ಬೆಸುಗೆ ಬಿಟ್ಟಿಲ್ಲ ಅಮ್ಮ," ಎಂದ ಕೊನೆಗೆ. "ಅವತ್ತೂ ಬಿಟ್ಟಿರಲಿಲ್ಲ. ಮುಚ್ಚಳ ಹಾಕೋದು ಮರೆತವನು ನಾನು. ಪರೀಕ್ಷೆ ಮಾಡದೇನೇ ಭಾವನ ಮೇಲೆ ಹಾಕಿದವನೂ ನಾನೇ."

ನರ್ಸಮ್ಮ ಅವನನ್ನೇ ದಿಟ್ಟಿಸಿದರು. "ನನಗೂ ಪಾಪ ಅಂಟಿಸಿದೆಯಲ್ಲೋ. ನಡಿ, ಅವರ ಹತ್ರಾನೇ ಹೇಳು."

ಕಾರನ್ನು ರಸ್ತೆ ದಾಟಿಸಿ ಭಾವನ ಅಂಗಡಿಗೆ ಒಯ್ದರು. ಅವನು ಕಪ್ಪು ಮುಚ್ಚಳವನ್ನು ಅವರ ಮುಂದಿಟ್ಟು, ನಡೆದದ್ದನ್ನೆಲ್ಲ ತಲೆ ತಗ್ಗಿಸಿಯೇ ಹೇಳಿ, ಸೋಪಿನ ನೀರಿನ ಡಬ್ಬ ಚಾಚಿದ. ಭಾವ ಬ್ರಷ್ ತೆಗೆದುಕೊಂಡರು. ತಮ್ಮ ಬೆಸುಗೆಯ ಸುತ್ತ ನಿಧಾನವಾಗಿ ಬಳಿದು, ಬಾಗಿ, ನೊರೆ ಒಣಗುವವರೆಗೂ ನೋಡಿದರು. ಗುಳ್ಳೆ ಏಳಲಿಲ್ಲ.

"ತಪ್ಪಾಯ್ತು ಭಾವ. ಬೈದುಬಿಡಿ," ಎಂದ.

ಭಾವ ಬೈಯಲಿಲ್ಲ. ಬ್ರಷ್ಷನ್ನು ಡಬ್ಬದ ಮೇಲೆ ಅಡ್ಡ ಇಟ್ಟರು.

"ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ ಕಣಪ್ಪ," ಎಂದರು. "ಕಣ್ಣು ಚೆನ್ನಾಗಿದೆ ಅಂದ್ರು. ಕೈ ನಡುಗುತ್ತಾ ನೋಡಿ ಅಂದೆ, ಅದೂ ಇಲ್ಲ ಅಂದ್ರು. ನಾನು ಅವರನ್ನ ನಂಬಲಿಲ್ಲ. ನನ್ನ ಹತ್ರ ಕಲಿತವನು ನೋಡಿದೀನಿ ಅಂದ್ಮೇಲೆ ನೋಡೇ ಇರ್ತಾನೆ ಅಂದ್ಕೊಂಡೆ."