ಎಣ್ಣೆ ಕಾಣದ ಕೂದಲು

ಆಗೆಲ್ಲ ಬದನವಾಳಿನಲ್ಲಿ ಶಿವರಾತ್ರಿ ಕಳೆದು ಬಿಸಿಲು ಬಲಿಯಿತೆಂದರೆ ನಮ್ಮ ಮನೆಯೊಳಗೂ ಹತ್ತಿ ಹಾರುತ್ತಿತ್ತು. ಖಾದಿ ಕೇಂದ್ರದಲ್ಲಿ ನೂಲು ತೆಗೆದು ಬರುವ ಅವ್ವನ ಸೆರಗಿಗೆ, ರೆಪ್ಪೆಗೆ ಅಂಟಿಕೊಂಡು ಬರುತ್ತಿದ್ದ ಹತ್ತಿ. ಸಾರಿನಲ್ಲೂ ಒಂದೆರಡು ಎಳೆ ಸಿಗುತ್ತಿತ್ತು. ಅದಕ್ಕೆ ಬೇಸರ ಮಾಡಿಕೊಳ್ಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ನನ್ನ ಹತ್ತನೇ ತರಗತಿ ಮುಗಿಯುತ್ತಿದ್ದ ಬೇಸಿಗೆ ಅದು. ಮುಂದೆ ನಂಜನಗೂಡಿನ ಕಾಲೇಜಿಗೆ ಹೋಗಬೇಕೆಂದು ನನ್ನ ಆಸೆ. ಅಪ್ಪನದು ಒಂದೇ ಮಾತು: "ಓದಿದ್ದು ಸಾಕು ಕಣವ್ವ. ನಿಮ್ಮವ್ವನ ಜೊತೆ ನೂಲೋಕೆ ಓಗು." ಆ ಮನಸ್ಸನ್ನು ತಿರುಗಿಸಲೆಂದೇ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಭಾನುವಾರ ಮನೆಗೆ ಬರುತ್ತೇನೆಂದರು. ತಲೆಗೆ ಉಜ್ಜಿದ ಬಾಚಣಿಗೆ ಹತ್ತಿಯನ್ನು ಎಳೆದುಕೊಳ್ಳುವ ಪ್ರಯೋಗವನ್ನು ಅಪ್ಪನ ಎದುರು ನಾನೇ ಮಾಡಿ, ನಾನೇ ವಿವರಿಸಬೇಕೆಂದು ಹೇಳಿಕೊಟ್ಟರು.

ಮೇಷ್ಟ್ರು ಬರುವ ದಿನವೆಂದು ಅವ್ವ ನನ್ನ ತಲೆಗೆ ಹರಳೆಣ್ಣೆ ಸುರಿದಳು. ಕಿವಿಯ ಮೇಲೆ ಇಳಿಯುವಷ್ಟು.

"ಅಯ್ಯೋ, ಸಾಕು ಕಣವ್ವಾ."

"ಸುಮ್ಕಿರು. ಕೆದರ್ಕಂಡ್ ಕೂತ್ರೆ ಮೇಷ್ಟ್ರು ಏನಂದ್ಕಂಡಾರು?" ಎಂದು ಎರಡು ಜಡೆ ಬಿಗಿದಳು.

ಮೇಷ್ಟ್ರು ಬಂದು ಚಾಪೆಯ ಮೇಲೆ ಕೂತು ಕಾಫಿ ಕುಡಿದರು. ನಾನು ನೆಲದ ಮೇಲೆ ಹತ್ತಿಯ ಚೂರು ಹರಡಿ, ಪ್ಲಾಸ್ಟಿಕ್ ಬಾಚಣಿಗೆಯನ್ನು ತಲೆಗೆ ಉಜ್ಜಿ ಹಿಡಿದೆ. ಹತ್ತಿ ಅಲ್ಲಾಡಲಿಲ್ಲ. ಮತ್ತೆ ಉಜ್ಜಿದೆ. ಬಾಚಣಿಗೆಗೆ ಎಣ್ಣೆ ಮೆತ್ತಿತೇ ಹೊರತು ಬೇರೇನೂ ಆಗಲಿಲ್ಲ. ನನಗೆ ಅಳು ಬಂತು.

"ಇದೇನಾ ಸಾ ಇವ್ಳು ಕಲ್ತಿರೋದು?" ಎಂದ ಅಪ್ಪ.

"ಎಣ್ಣೆ ತಲೇಲಿ ಇದು ನಡೆಯಲ್ಲ. ಒಣಗಿದ ಕೂದಲಾಗಬೇಕು," ಎಂದರು ಮೇಷ್ಟ್ರು.

ಬಾಗಿಲ ಬಳಿ ನಿಂತಿದ್ದ ಅವ್ವ ಗೋಡೆಯ ಗೂಡಿನಿಂದ ತನ್ನ ಬಾಚಣಿಗೆ ತಂದಳು. ತುರುಬು ಬಿಚ್ಚಿ ಬಾಚಿದಳು. ಚಟಪಟ ಸದ್ದಾಯಿತು. ಬಾಚಣಿಗೆ ಕೆಳಗಿಳಿಸಿದೊಡನೆ ಹತ್ತಿಯ ಚೂರುಗಳು ನೆಲ ಬಿಟ್ಟೆದ್ದು ಅಂಟಿಕೊಂಡವು. ಅಷ್ಟು ಒಣಗಿತ್ತು ಅವಳ ಕೂದಲು. ಮನೆಯ ಎಣ್ಣೆಯೆಲ್ಲ ನನ್ನ ತಲೆಗೇ ಹೋಗುತ್ತಿತ್ತೆಂದು ನನಗೆ ಗೊತ್ತಾದದ್ದು ಆಗ.

"ಇದ್ಯಾಕವ್ವ ಅತ್ತಿ ಚೂರ್ಗೆ ಜೀವ ಬಂತು?" ಅಪ್ಪ ಕೇಳಿದ.

ನಾನು ಮೂಗು ಒರೆಸಿಕೊಂಡೆ. "ಹತ್ತಿಗೆ ಯಾರೂ ಏನೂ ಕೊಟ್ಟಿಲ್ಲ ಅಪ್ಪ. ಉಜ್ಜಿದ್ಕೆ ಬಾಚಣಿಗೇಲಿ ವಿದ್ಯುತ್ ಕೂಡ್ಕಂಡದೆ. ಅದು ಹತ್ರ ಬಂದ್ರೆ ಹತ್ತಿಯೊಳಗಿರೋ ಪ್ಲಸ್ಸು ಒಂಚೂರು ಈ ಕಡೆ, ಮೈನಸ್ಸು ಒಂಚೂರು ಆ ಕಡೆ ಸರೀತವೆ. ಅದ್ಕೇ ಎಳ್ಕತದೆ. ಬಾಚಣಿಗೆ ದೂರ ಹೋದ್ರೆ ಮತ್ತೆ ಮೊದ್ಲಿನಂಗೇ."

ಅಪ್ಪ ಬಾಚಣಿಗೆ ಇಸಿದುಕೊಂಡು ತಾನೇ ಹಿಡಿದು ನೋಡಿದ. ಅವ್ವನ ಬಿಚ್ಚಿದ ಕೂದಲನ್ನೂ ಒಂದು ಗಳಿಗೆ ನೋಡಿದ. "ಓಗ್ಲಿ ಬುಡಿ ಸಾ, ಕಾಲೇಜ್‌ಗೆ ಸೇರ್ಸನ," ಎಂದ.

ಈಗ ತಿ. ನರಸೀಪುರದ ಕಾಲೇಜಿನಲ್ಲಿ ನಾನು ಮಾಡುವುದು ಅದೇ ಪಾಠ. ಬೋರ್ಡಿನ ಮೇಲೆ 'ಧ್ರುವೀಕರಣ' ಎಂದು ಬರೆಯುತ್ತೇನೆ. ವರ್ಷ ವರ್ಷವೂ ಅದೇ ಬಾಣದ ಗುರುತು, ಅದೇ ಪ್ಲಸ್ಸು ಮೈನಸ್ಸು. ಮಕ್ಕಳು ಫೋಟೊ ಹೊಡೆದುಕೊಂಡು ಎದ್ದು ಹೋಗುತ್ತಾರೆ. ಅಪ್ಪ ಇಲ್ಲ. ಅವ್ವ ನನ್ನ ಜೊತೆಗಿದ್ದಾಳೆ. ಸಂಜೆ ಬಂದು, ಎಷ್ಟೇ ಸುಸ್ತಾಗಿದ್ದರೂ, ಅವಳ ತಲೆಗೆ ಎಣ್ಣೆ ಹಚ್ಚುತ್ತೇನೆ.

"ಇಷ್ಟ್ಯಾಕವ್ವ ಸುರೀತೀಯ? ಇರೋದೇ ನಾಕು ಕೂದ್ಲು," ಎನ್ನುತ್ತಾಳೆ.

ನಿಜ. ಎಣ್ಣೆ ಸುರಿಯುವಷ್ಟು ಅನುಕೂಲ ನನಗಾಗುವ ಹೊತ್ತಿಗೆ ಆ ತುರುಬು ಉಳಿದಿರಲಿಲ್ಲ.