ಫುಟ್‌ಬಾಲ್ ಹುಡುಗನಿಗೆ ವೀಳ್ಯ ಕೊಟ್ಟ ಮಾವ

ನಮ್ಮ ಮಾವ ಮುನಿರಾಜು ಅವರಿಗೆ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ಆಟ ಇವತ್ತಿಗೂ ಅರ್ಥವಾಗಿಲ್ಲ. ಚೆಂಡು ಯಾರ ಕೈಯಲ್ಲಿದೆ ಎಂದು ಹುಡುಕುವಷ್ಟರಲ್ಲಿ ಹತ್ತು ಜನ ಒಬ್ಬನ ಮೇಲೆ ಬಿದ್ದಿರುತ್ತಾರೆ, ಸೀಟಿ ಊದಿರುತ್ತಾರೆ, ಮಾವ "ಏನಾಯ್ತಮ್ಮಾ ಸಿಂಧೂ?" ಎಂದು ನನ್ನ ಕಡೆ ತಿರುಗಿರುತ್ತಾರೆ. ನನಗೂ ಗೊತ್ತಿರುವುದಿಲ್ಲ. ಆದರೆ ಬೇಲ್ಯಾಂಡ್ಸ್ ಯೂನಿವರ್ಸಿಟಿಯ ತಂಡಕ್ಕೆ ಮುಂದಿನ ವರ್ಷ ಯಾವ ಹೈಸ್ಕೂಲಿನಿಂದ ಯಾವ ಹುಡುಗ ಬರುತ್ತಾನೆ, ಅವನ ಎತ್ತರವೆಷ್ಟು, ತೂಕವೆಷ್ಟು, ಕೊಲ್ಲಿಯ ಆಚೆ ದಡದ ಕಾಂಟ್ರಾ ರಿಡ್ಜ್ ಕಾಲೇಜಿನವರು ಅವನ ಮೇಲೆ ಕಣ್ಣು ಹಾಕಿದ್ದಾರೆಯೇ, ಇದನ್ನೆಲ್ಲ ಅವರಷ್ಟು ಬಲ್ಲ ಕನ್ನಡಿಗರು ಮೌಂಟನ್ ವ್ಯೂನಲ್ಲಿ ಇನ್ನೊಬ್ಬರಿಲ್ಲ.

ಇದಕ್ಕೆ ಕಾರಣ ಅವರ ಹಳೆಯ ಕಸುಬು. ಮಾವ ದೊಡ್ಡಬಳ್ಳಾಪುರದ ಕಡೆ ಬಸ್ ಕಂಡಕ್ಟರ್ ಆಗಿದ್ದವರು. ಸಂಬಳ ಬರುತ್ತಿದ್ದದ್ದು ಟಿಕೆಟ್ ಹರಿಯುವುದಕ್ಕೆ, ಹೆಸರು ಬಂದದ್ದು ಸಂಬಂಧ ಕುದುರಿಸುವುದಕ್ಕೆ. ಯಾವ ಸ್ಟಾಪಿನಲ್ಲಿ ಹತ್ತುವ ಹುಡುಗಿಗೆ ಯಾವ ಸ್ಟಾಪಿನಲ್ಲಿ ಇಳಿಯುವ ಹುಡುಗ ಒಪ್ಪುತ್ತಾನೆ ಎಂದು ಸೀಟಿ ಊದುತ್ತಲೇ ಲೆಕ್ಕ ಹಾಕುತ್ತಿದ್ದರಂತೆ. ಅವರ ರೂಟಿನಲ್ಲಿ ಮದುವೆಯಾದವರ ಮಕ್ಕಳಿಗೆ ಈಗ ಮದುವೆಯಾಗಿದೆ.

ನಮ್ಮ ಮಗಳು ನಿಸರ್ಗಾಳನ್ನು ನೋಡಿಕೊಳ್ಳಲು ಅತ್ತೆ ಲಿಂಗಮ್ಮನವರ ಜೊತೆ ಇಲ್ಲಿಗೆ ಬಂದಾಗ ಮಾವನಿಗೆ ಮೊದಲ ತಿಂಗಳು ಕೈಕಾಲು ಕಟ್ಟಿಹಾಕಿದ ಹಾಗಿತ್ತು. ಕುದುರಿಸಲು ಒಂದು ಸಂಬಂಧವಿಲ್ಲ. ಇಲ್ಲಿನ ಹುಡುಗ ಹುಡುಗಿಯರು ಫೋನಿನಲ್ಲೇ ನೋಡಿ ಫೋನಿನಲ್ಲೇ ಬಿಡುತ್ತಾರೆ. ಆಗ ನನ್ನ ಗಂಡ ಅಜಯ್, ಬೇಲ್ಯಾಂಡ್ಸ್‌ನಲ್ಲಿ ಎಂ.ಎಸ್. ಮಾಡಿದವನು, ಅಲ್ಲಿನ ಅಭಿಮಾನಿ ಸಂಘದ ಫ್ಯಾಮಿಲಿ ಮೆಂಬರ್‌ಶಿಪ್ಪಿಗೆ ಅಪ್ಪನ ಹೆಸರನ್ನೂ ಸೇರಿಸಿದ. ಸೋಫಾದಲ್ಲಿ ಕೂತು ರಿಕ್ರೂಟಿಂಗ್ ಎಂದರೇನು ಎಂದು ವಿವರಿಸಿದ. ಕಾಲೇಜುಗಳು ವರ್ಷವರ್ಷ ಹೈಸ್ಕೂಲ್ ಹುಡುಗರನ್ನು ಆರಿಸುತ್ತವೆ. ಹುಡುಗರಿಗೆ ಸ್ಟಾರುಗಳಿರುತ್ತವೆ, ಎಲ್ಲವನ್ನೂ ಕೂಡಿ ಯಾವ ಕಾಲೇಜಿನ ಬ್ಯಾಚು ಯಾರಿಗಿಂತ ಮೇಲು ಎಂದು ರ‍್ಯಾಂಕ್ ಕೊಡುತ್ತಾರೆ. ಹುಡುಗ ಮೊದಲು ಬಾಯಿಮಾತಿನಲ್ಲಿ ಒಪ್ಪುತ್ತಾನೆ, ಡಿಸೆಂಬರಿನಲ್ಲಿ ಸಹಿ ಹಾಕುತ್ತಾನೆ, ನಡುವೆ ಬೇರೆ ಕಾಲೇಜಿನವರು ಬಂದು ಮನಸ್ಸು ಕೆಡಿಸಬಹುದು.

ಮಾವ ನೆಟ್ಟಗೆ ಕೂತರು. "ಅಂದ್ರೆ ಗಂಡು ನೋಡೋ ಶಾಸ್ತ್ರ ಅನ್ನು! ಇಷ್ಟು ದಿನ ಯಾಕೋ ಹೇಳಲಿಲ್ಲ?"

ಅವತ್ತಿನಿಂದ ಮನೆಯಲ್ಲಿ ಹಬ್ಬ. ಬೆಳಗಿನ ಕಾಫಿಗೆ ಮುಂಚೆ ರ‍್ಯಾಂಕಿಂಗು. ನಾಲ್ಕು ಸ್ಟಾರಿನ ಹುಡುಗ ನಮ್ಮ ಕಡೆ ಒಪ್ಪಿದರೆ ಅತ್ತೆ ಒಗ್ಗರಣೆ ಬಿಟ್ಟು ಬಂದು ಅವನ ಫೋಟೋ ನೋಡಬೇಕು. "ಮುಖ ಲಕ್ಷಣವಾಗೈತೆ, ಊಟ ಸರಿಯಾಗಿ ಮಾಡೋ ಮನೆ ಹುಡುಗ" ಎಂದು ಅತ್ತೆ ಹೇಳಿದರೆ ಆಯ್ಕೆ ಊರ್ಜಿತ. ಬೆಳಗಿನ ವಾಕಿಂಗಿನಲ್ಲಿ ಮಾವನಿಗೆ ಎದುರಾಳಿಯೂ ಸಿಕ್ಕರು. ಮೈಸೂರಿನ ನಿವೃತ್ತ ಡಾಕ್ಟರ್ ವೆಂಕಟಾಚಲ, ಅವರ ಮಗಳು ಓದಿದ್ದು ಕಾಂಟ್ರಾ ರಿಡ್ಜ್‌ನಲ್ಲಿ.

"ಏನ್ರೀ ಕಂಡಕ್ಟ್ರೇ, ನಿಮ್ಮ ಬಸ್ಸು ನಮ್ಮ ಹಿಂದೇನೇ ಬರ್ತಾ ಇದೆಯಲ್ಲ?"

"ಹಿಂದಿನ ಬಸ್ಸಲ್ಲೇ ಡಾಕ್ಟ್ರೇ ಸೀಟು ಸಿಗೋದು. ನಿಮ್ಮದು ಬರೀ ರಶ್ಶು."

ಈ ವರ್ಷ ನವೆಂಬರ್ ಮುಗಿಯುವಾಗ ನಿಜವಾಗಿಯೂ ಕಾಂಟ್ರಾ ರಿಡ್ಜ್ ಒಂದೇ ಒಂದು ಸ್ಥಾನ ಮುಂದಿತ್ತು. ಎಲ್ಲ ನಿಂತಿದ್ದದ್ದು ವಿಲಿಯಾಮಿ ಎಂಬ ಒಬ್ಬ ಹುಡುಗನ ಮೇಲೆ. ಪೆಸಿಫಿಕ್ ಸಾಗರದ ಟೋಂಗಾ ದ್ವೀಪಗಳಿಂದ ಬಂದು ಸ್ಯಾನ್ ಮಟಿಯೋದಲ್ಲಿ ನೆಲೆಸಿದ ಮನೆತನದವನು, ಬಾಗಿಲಿಗೆ ಅಡ್ಡ ನಿಂತರೆ ಬೆಳಕು ಬರದಂಥ ಆಳು. ಬೇಸಿಗೆಯಲ್ಲೇ ಬೇಲ್ಯಾಂಡ್ಸ್‌ಗೆ ಒಪ್ಪಿದ್ದ. ಈಗ ಆಚೆ ದಡದವರು ಬೆನ್ನು ಬಿದ್ದಿದ್ದರು. ಅವನು ಇತ್ತ ಉಳಿದರೆ ನಾವು ಮುಂದೆ, ಅತ್ತ ಹೋದರೆ ವರ್ಷವಿಡೀ ಡಾಕ್ಟರ ನಗು.

ಇಷ್ಟಾದರೆ ಮಾವ ಫೋನಿನಲ್ಲೇ ಚಡಪಡಿಸಿ ಸುಮ್ಮನಾಗುತ್ತಿದ್ದರು. ಆದರೆ ವಿಲಿಯಾಮಿಯ ಅಜ್ಜಿ, ಮೆಲೆ ಎಂಬಾಕೆ, ಕೆಲಸ ಮಾಡುವುದು ನಿಸರ್ಗಾಳ ಡೇಕೇರಿನಲ್ಲಿ! ಮಗುವನ್ನು ಕರೆತರಲು ಹೋದಾಗ ಮಾವ ಇದನ್ನು ಪತ್ತೆ ಮಾಡಿ, ಪುಟ್ಟ ನಿಸರ್ಗಾಳನ್ನು ಕಂಕುಳಲ್ಲಿ ಇಟ್ಟುಕೊಂಡೇ ಮನೆಗೆ ಹೆಚ್ಚುಕಡಿಮೆ ಓಡಿ ಬಂದರು.

"ಸಿಂಧೂ, ಗಂಡಿನ ಅಜ್ಜಿ ಸಿಕ್ಕಿದ್ರು! ಭಾನುವಾರ ಮನೆಗೆ ಬನ್ನಿ ಅಂದವ್ರೆ!"

"ಮಾವ, ಇಲ್ಲಿ ಎಲ್ಲರೂ ಹಾಗೆ ಸೌಜನ್ಯಕ್ಕೆ ಅಂತಾರೆ."

"ಸೌಜನ್ಯಕ್ಕೋ ಸತ್ಯಕ್ಕೋ, ಕರೆದ ಮೇಲೆ ಹೋಗಬೇಕು. ಬರೀ ಬಾಯಿಮಾತಲ್ಲಿ ನಿಂತೈತೆ ಆ ಸಂಬಂಧ. ಅದಕ್ಕೇ ಅಲ್ಲಾಡ್ತಾ ಐತೆ."

ಭಾನುವಾರ ಮಾವ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿದರು. ಅತ್ತೆ ರೇಷ್ಮೆ ಸೀರೆ ಉಟ್ಟು ಮೇಲೆ ಬೇಲ್ಯಾಂಡ್ಸ್‌ನ ಹಳದಿ ಸ್ವೆಟರ್ ತೊಟ್ಟರು. ಬರಿಗೈಯಲ್ಲಿ ಹೋಗಬಾರದೆಂದು ಇಂಡಿಯನ್ ಗ್ರೋಸರಿಯ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಅಜ್ಜಿಗೆಂದು ಹಸಿರು ರವಿಕೆ ಕಣವನ್ನು ಚೀಲಕ್ಕೆ ತುಂಬಿದೆವು. ಬಾಳೆಹಣ್ಣು ಜಜ್ಜಿ ಹೋಗದಂತೆ ಮೇಲೆ ಇಟ್ಟವಳು ನಾನೇ. ರೈಲಿಗೆ ಬಿಟ್ಟು ಬಂದವಳೂ ನಾನೇ.

ಸಂಜೆ ಇಬ್ಬರೂ ಮದುವೆ ಮನೆಯಿಂದ ಬಂದವರ ಹಾಗೆ ಬಂದರು. ಅಲ್ಲಿ ಹೊಟ್ಟೆ ತುಂಬ ಊಟವಂತೆ, ಹಾಡಂತೆ. ವಿಲಿಯಾಮಿ ಎರಡು ಕೈ ಒಡ್ಡಿ, ತಲೆ ಬಗ್ಗಿಸಿ ವೀಳ್ಯ ತೆಗೆದುಕೊಂಡನಂತೆ. ಮಾವ ಫೋಟೋ ತೋರಿಸಿದರು. ಹುಡುಗನ ಅಂಗೈಯಲ್ಲಿ ತೆಂಗಿನಕಾಯಿ ನಿಂಬೆಹಣ್ಣಿನಂತೆ ಕಾಣುತ್ತಿತ್ತು. ಆ ಫೋಟೋವನ್ನು ಮಾವ ಆಗಲೇ ವಾಕಿಂಗ್ ಗೆಳೆಯರ ವಾಟ್ಸ್ಯಾಪ್ ಗುಂಪಿಗೂ ಹಾಕಿದ್ದರು. ಕೆಳಗೆ ಬರೆದದ್ದು ಎರಡೇ ಪದ: "ನಿಶ್ಚಿತಾರ್ಥ ಆಯಿತು."

ಹತ್ತು ನಿಮಿಷಕ್ಕೆ ಡಾಕ್ಟರ ಫೋನು ಬಂತು. ಮೊದಲ ಬಾರಿಗೆ ಅವರ ದನಿಯಲ್ಲಿ ಚೇಷ್ಟೆ ಇರಲಿಲ್ಲ.

"ಮುನಿರಾಜು ಅವರೇ, ಆ ಫೋಟೋ ತೆಗೀರಿ ಮೊದಲು. ಅಭಿಮಾನಿ ಸಂಘದ ಮೆಂಬರುಗಳು ರಿಕ್ರೂಟಿಗೆ ಏನೂ ಕೊಡೋ ಹಾಗಿಲ್ಲ ಕಣ್ರೀ. ರೂಲ್ಸು. ಹುಡುಗನ ಆಟಕ್ಕೇ ಸಂಚಕಾರ ಬರಬಹುದು."

"ನಾನೇನು ಕಾರು ಕೊಟ್ನಾ ಡಾಕ್ಟ್ರೇ? ಕಾಯಿ ಕೊಟ್ಟೆ!"

"ಕಾಯಿಯೂ ಉಡುಗೊರೇನೇ!"

ಮಾವನ ಮುಖ ಇಳಿದುಹೋಯಿತು. ಬಾಯಿಮಾತನ್ನು ಗಟ್ಟಿ ಮಾಡಲು ಹೋಗಿ ಹುಡುಗನ ಭವಿಷ್ಯಕ್ಕೇ ಕಲ್ಲು ಹಾಕಿದೆನೇ ಎಂದು ಸೋಫಾದ ಮೂಲೆಯಲ್ಲಿ ಮುದುಡಿ ಕೂತರು. ನಿಸರ್ಗಾ ತನ್ನ ಬೊಂಬೆಯನ್ನು ಅವರ ತೊಡೆಯ ಮೇಲಿಟ್ಟು, "ಇಟ್ಸ್ ಓಕೆ ತಾತಾ, ಸೇ ಸಾರಿ" ಎಂದಳು.

ಮರುದಿನ ಅಜಯ್ ಸಾರಿ ಹೇಳಲೆಂದೇ ಯೂನಿವರ್ಸಿಟಿಯ ನಿಯಮಪಾಲನೆ ಆಫೀಸಿಗೆ ಫೋನು ಮಾಡಿದ. ಸ್ಪೀಕರಿನಲ್ಲಿ ಹಾಕಿದ. ಅತ್ತಲಿಂದ ಒಬ್ಬ ಹೆಂಗಸು ತಾಳ್ಮೆಯಿಂದ ಎಲ್ಲ ಬರೆದುಕೊಂಡಳು. ತೆಂಗಿನಕಾಯಿ ಒಂದು. ಬಾಳೆಹಣ್ಣು ಒಂದು ಚಿಪ್ಪು. ಅಡಿಕೆ ಒಂದು ಹಿಡಿ. ಎಲೆ. ಯಾವ ಎಲೆ? ಊಟವಾದ ಮೇಲೆ ತಿನ್ನುವ ಎಲೆ. ಸರಿ. ಕಡೆಗೆ ರವಿಕೆ ಕಣಕ್ಕೆ ಬಂದು ನಿಂತಿತು.

ಹಾಗೆಂದರೇನು ಎಂದು ಆಕೆ ಕೇಳಿದಳು. ಹೆಂಗಸರು ಹೆಂಗಸರಿಗೆ ಕೊಡುವ ಬಟ್ಟೆ ಎಂದ ಅಜಯ್. ಅದರಲ್ಲಿ ಏನು ಹೊಲಿಯುತ್ತಾರೆ? ಯಾರೂ ಹೊಲಿಯುವುದಿಲ್ಲ. ಮತ್ತೇನು ಮಾಡುತ್ತಾರೆ? ಇನ್ನೊಬ್ಬರಿಗೆ ಕೊಡುತ್ತಾರೆ. ಅವರು? ಅವರು ಮತ್ತೊಬ್ಬರಿಗೆ. ಅದನ್ನೂ ಬರೆದುಕೊಳ್ಳುತ್ತೇನೆ ಎಂದಳು ಆಕೆ. ನಾನು ದಿಂಬಿನಲ್ಲಿ ಮುಖ ಹುದುಗಿಸಿ ನಗು ತಡೆದುಕೊಂಡೆ.

ಆಮೇಲೆ ಆಕೆ ದಾರಿ ಹೇಳಿದಳು. ಇದು ಸಣ್ಣ ವಿಷಯ. ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳಿ, ಇಲ್ಲವೇ ಹುಡುಗ ಅಷ್ಟನ್ನು ಯಾವುದಾದರೂ ದಾನಸಂಸ್ಥೆಗೆ ಕೊಡಲಿ. ಈ ಬುಧವಾರ ಹುಡುಗ ಸಹಿ ಹಾಕುವುದರೊಳಗೆ ಮುಗಿದರೆ ಸಾಕು.

"ಅಷ್ಟೇನಾ! ಸಂಜೆ ಹೋಗಿ ಇಸ್ಕೊಂಡು ಬರ್ತೀನಿ" ಎಂದ ಅಜಯ್.

ಮಾವ ದಿಗ್ಗನೆ ಎದ್ದರು. "ಮುಟ್ಟಬೇಡ! ಕೊಟ್ಟ ವೀಳ್ಯ ವಾಪಸ್ ಇಸ್ಕೊಳ್ಳೋದು ಅಂದ್ರೆ ಏನು ಗೊತ್ತೇನೋ? ಸಂಬಂಧ ಮುರೀತು ಅಂತ. ನನ್ನ ಸರ್ವೀಸಲ್ಲಿ ಒಂದು ವೀಳ್ಯ ವಾಪಸ್ ಬಂದಿಲ್ಲ. ಇವತ್ತೇ ಆಚೆ ದಡದ ಕೋಚು ಅವರ ಮನೆಗೆ ಬರ್ತಾವ್ನೆ. ನಾವು ಕಾಯಿ ಎತ್ಕೊಂಡು ಬರ್ತಿರೋದು ಅವನು ನೋಡ್ಬೇಕಾ?"

"ಅಪ್ಪಾ, ಅವರಿಗೆ ಈ ಶಾಸ್ತ್ರ ಎಲ್ಲಿ ಗೊತ್ತು?"

"ತಲೆ ಬಗ್ಗಿಸಿ ತಗೊಂಡ್ನಲ್ಲೋ! ಗೊತ್ತಿಲ್ಲದೋನು ಬಗ್ಗಿಸ್ತಾನಾ?"

ಅಪ್ಪ ಮಗ ಹೀಗೆ ಜಗ್ಗಾಡುತ್ತಿರುವಾಗ ಅತ್ತೆ ಹುರುಳಿಕಾಯಿ ಸೋಸುವುದನ್ನು ನಿಲ್ಲಿಸಲಿಲ್ಲ. "ವಾಪಸ್ ತರೋಕೆ ಅಲ್ಲಿ ಕಾಯಿ ಇದ್ದರೆ ತಾನೇ? ಮೊದಲು ಹೋಗಿ ಕೇಳಮ್ಮ ಸಿಂಧು" ಎಂದರು.

ಡೇಕೇರಿನಲ್ಲಿ ಕೇಳಿದೆ. ಮೆಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಭಾನುವಾರವೇ ಕಾಯಿ ತುರಿದು ಹಾಲು ಹಿಂಡಿ, ಕೆಸುವಿನ ಎಲೆಯಲ್ಲಿ ಮಾಂಸ ಕಟ್ಟಿ ಬೇಯಿಸಿ, ಮೊಮ್ಮಗ ಒಬ್ಬನೇ ಮುಗಿಸಿದ್ದನಂತೆ. ಬಾಳೆಹಣ್ಣು ಅದಕ್ಕೂ ಮುಂಚೆಯೇ ಹೋಗಿತ್ತು. ಆಫೀಸಿನವರು ಅವಳಿಗೂ ಫೋನು ಮಾಡಿದ್ದರು. ದಾನಕ್ಕೆ ಚರ್ಚಿನ ಊಟದ ಮನೆ ಇದೆಯಲ್ಲ ಎಂದಳು. ನಗುತ್ತಲೇ ಹೇಳಿದರೂ, ನಾನು ಆಚೆ ದಡದ ಕೋಚ್ ಬರುವ ಮಾತು ಎತ್ತಿದಾಗ ಮಾತ್ರ ನನ್ನ ಕೈ ತಟ್ಟಿ ಮಕ್ಕಳ ಕಡೆಗೆ ಹೊರಟುಬಿಟ್ಟಳು. ಮನೆಗೆ ಬಂದು ಹೇಳಿದಾಗ ಅದೇ ಮಾವನ ಎದೆಗೆ ಚುಚ್ಚಿತು. ಅತ್ತೆ ಮಾತ್ರ ತೀರ್ಪು ಕೊಟ್ಟಾಗಿತ್ತು.

"ಕಾಯಿ ಹುಡುಗನ ಹೊಟ್ಟೆ ಸೇರೈತೆ. ಹೊಟ್ಟೆಗೆ ಹೋದ ವೀಳ್ಯ ಯಾವತ್ತಾದ್ರೂ ವಾಪಸ್ ಬಂದದ್ದುಂಟಾ? ದಾನ ಮಾಡಿದ್ರೆ ಪುಣ್ಯ ಅವನಿಗೇ. ಈಗ ಮುದ್ದೆ ನುಂಗಿ."

ಮಂಗಳವಾರ ವಿಲಿಯಾಮಿ ಒಂದು ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು, ಅಡಿಕೆಯ ಲೆಕ್ಕಕ್ಕೆ ಒಂದು ಹಿಡಿ ಕಡಲೆಬೀಜ, ಒಂದು ಕಟ್ಟು ಪಾಲಕ್ ಸೊಪ್ಪು ಚರ್ಚಿನ ಅಡುಗೆ ಮನೆಗೆ ಕೊಟ್ಟ. ವೀಳ್ಯದೆಲೆ ಅವನಿಗೆ ಎಲ್ಲೂ ಸಿಗಲಿಲ್ಲ. ಎಲೆಗೆ ಎಲೆ ಎಂದು ಆಫೀಸಿನವಳು ಒಪ್ಪಿದಳಂತೆ. ರವಿಕೆ ಕಣ ಚರ್ಚಿನ ಹೆಂಗಸರ ಕೌದಿಗೆ ಹೋಯಿತು. ನನಗೆ ತಿಳಿದ ಮಟ್ಟಿಗೆ ಸೂಜಿ ಕಂಡ ಮೊದಲ ರವಿಕೆ ಕಣ ಅದು.

ಬುಧವಾರ ಬೆಳಿಗ್ಗೆ ನಾನು ಮೀಟಿಂಗನ್ನು ಮುಂದಕ್ಕೆ ಹಾಕಿದೆ. ಡಾಕ್ಟರು ನಮ್ಮ ಮನೆಗೇ ಬಂದರು. ಸೋತವರ ಮುಖ ಎದುರಿನಿಂದ ನೋಡಬೇಕಂತೆ. ಟಿ.ವಿ.ಯಲ್ಲಿ ಹೈಸ್ಕೂಲಿನ ಜಿಮ್ಮು, ಒಂದು ಮೇಜು, ಮೇಜಿನ ಮೇಲೆ ಎರಡು ಟೋಪಿ: ನಮ್ಮ ಹಳದಿಯದು, ಅವರ ನೀಲಿಯದು. ಹುಡುಗ ಯಾವುದನ್ನು ತಲೆಗೆ ಇಟ್ಟುಕೊಳ್ಳುತ್ತಾನೋ ಆ ಕಾಲೇಜಿಗೆ ಸಹಿ. ವಿಲಿಯಾಮಿ ಕೋಟು ಹಾಕಿಕೊಂಡು ಬಂದು ಕೂತ. ಪಕ್ಕದಲ್ಲಿ ಮೆಲೆ. ಮಾವ ಕುರ್ಚಿಯ ತುದಿಯಲ್ಲಿ ಕೈ ಮುಗಿದು ಕೂತಿದ್ದರು.

ವಿಲಿಯಾಮಿ ಕೈ ಚಾಚಿ ನೀಲಿ ಟೋಪಿ ಎತ್ತಿಕೊಂಡ.

"ಹೋಯ್ತು" ಎಂದರು ಮಾವ. ಡಾಕ್ಟರು ಗೆದ್ದ ಖುಷಿಯಲ್ಲಿ ಎದ್ದವರು ಮಾವನ ಮುಖ ನೋಡಿ ಹಾಗೇ ಕೂತರು.

ವಿಲಿಯಾಮಿ ನೀಲಿ ಟೋಪಿಯನ್ನು ತಿರುಗಿಸಿ ನೋಡಿದ, ನಕ್ಕ, ಅದನ್ನು ಪಕ್ಕದಲ್ಲಿದ್ದ ತಮ್ಮನ ಕೈಗೆ ಕೊಟ್ಟು, ಹಳದಿ ಟೋಪಿಯನ್ನು ತಲೆಗೆ ಒತ್ತಿಕೊಂಡ.

ನಾನು ಕಿರುಚಿದ್ದಕ್ಕೆ ಕೆಳಮನೆಯವರು ಛಾವಣಿ ಬಡಿದರು. ಅಜಯ್ ಸೋಫಾದ ಮೇಲೆ ಹತ್ತಿದ. ನಿಸರ್ಗಾ ಯಾಕೆಂದು ಗೊತ್ತಿಲ್ಲದೇ ಸುತ್ತ ಓಡಿದಳು. ಮಾವ ಟಿ.ವಿ.ಗೆ ಬೆರಳು ತೋರಿಸಿ ಗದರಿದರು: "ಏಯ್, ಧಾರೆ ಮುಹೂರ್ತದಲ್ಲಿ ತಮಾಷೆ ಮಾಡ್ತೀಯೇನೋ!" ಗದರುತ್ತಲೇ ಟವೆಲಿನಿಂದ ಕಣ್ಣು ಒರೆಸಿಕೊಂಡರು.

ರ‍್ಯಾಂಕಿಂಗಿನಲ್ಲಿ ನಾವು ಒಂದು ಸ್ಥಾನ ಮೇಲೆ. ಡಾಕ್ಟರು ಮಾವನ ಕೈ ಕುಲುಕಿ, "ಮುಂದಿನ ವರ್ಷ ನಮ್ಮ ಕಡೆಗೂ ಒಂದು ಗಂಡು ನೋಡ್ರೀ" ಎಂದರು.

"ನೋಡೋಣ. ಮೊದಲು ನಿಮ್ಮ ಕಾಲೇಜಿನ ರೂಲ್ಸು ಆಫೀಸಿಗೆ ಫೋನು ಮಾಡಿ."

ಶುಕ್ರವಾರ ಮೆಲೆ ಡೇಕೇರಿನಲ್ಲಿ ನನ್ನ ಕೈಗೆ ಒಂದು ಡಬ್ಬಿ ಇಟ್ಟಳು. ಕಾಯಿಹಾಲಿನಲ್ಲಿ ಬೆಂದ ಕೆಸುವಿನ ಎಲೆ, ನಮಗೆಂದೇ ಮಾಂಸವಿಲ್ಲದೆ ಮಾಡಿದ್ದು. ಅಜಯ್ ಆ ನಿಯಮಪಾಲನೆ ಆಫೀಸಿಗೆ ಫೋನು ಮಾಡಿ ಕೇಳುವ ತನಕ ಮಾವ ಮುಚ್ಚಳ ತೆಗೆಯಲು ಬಿಡಲಿಲ್ಲ. ತಿನ್ನಬಹುದು ಎಂದು ಅದೇ ಹೆಂಗಸು ನಗುತ್ತಾ ಹೇಳಿದಳಂತೆ. ತಿಂದೆವು. ಮಾವ ಬೆರಳು ನೆಕ್ಕಿದರು.

ಈಗ ತೊಳೆದ ಡಬ್ಬಿ ಅಡುಗೆಕಟ್ಟೆಯ ಮೇಲೆ ಕೂತಿದೆ. ಖಾಲಿ ಡಬ್ಬಿ ವಾಪಸ್ ಕೊಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ತುಂಬಿಸಿ ಕೊಡುವ ಹಾಗೂ ಇಲ್ಲ, ರೂಲ್ಸು. ಅತ್ತೆ ಡಬ್ಬಿಯನ್ನು ನೋಡುತ್ತಾರೆ, ಸಕ್ಕರೆ ಭರಣಿಯನ್ನು ನೋಡುತ್ತಾರೆ.

"ಒಂದೇ ಒಂದು ಚಿಟಿಕೆ" ಎಂದರು ಅತ್ತೆ.

"ಅಮ್ಮಾ!" ಎಂದ ಅಜಯ್.

ಮಾವ ಆಗಲೇ ಅವನ ಫೋನನ್ನು ಅವನ ಕಡೆಗೆ ಚಾಚಿದ್ದರು.