ಹೊರಗುಳಿದ ಯಂತ್ರವನ್ನು ಕಂಡುಹಿಡಿಯುವ ಸುಮೈರಾ

ಬೆಳಗಿನ ಮೊದಲ ಬಸ್ಸಿಗೆ ಹರಿಹರದಿಂದ ಬಂದಿಳಿದ ಸುಮೈರಾ, ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರ ರಕ್ತನಿಧಿಗೆ ನೇರವಾಗಿ ನಡೆಯುತ್ತಾರೆ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಂಪ್ಯೂಟರಿನ ಗುಂಡಿ ಒತ್ತಿ, ನಿಂತುಕೊಂಡೇ ಕಾಯುತ್ತಾರೆ. ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ. ಅದನ್ನು ಓದಿ, ಹೆರಿಗೆ ವಾರ್ಡಿನ ಕಡೆ ಹೊರಡುತ್ತಾರೆ.

ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಒಂದು ಸರ್ವರಿನ ಆಡಳಿತಕ್ಕೆ ಸೇರಿವೆ. ಆ ಕೂಟಕ್ಕೆ ಡೊಮೈನ್ ಎನ್ನುತ್ತಾರೆ. ರಕ್ತನಿಧಿಯಲ್ಲಿ ಬರೆದದ್ದು ವಾರ್ಡಿನಲ್ಲಿ ಕಾಣಬೇಕಾದರೆ ಎರಡೂ ಯಂತ್ರಗಳು ಅದರೊಳಗಿರಬೇಕು. ಸೇರದ ಯಂತ್ರ ವರ್ಕ್‌ಗ್ರೂಪ್ ಎಂಬ ಸಡಿಲ ಗುಂಪಿನಲ್ಲಿ ತನ್ನ ಪಾಡಿಗೆ ತಾನಿರುತ್ತದೆ. ನೋಡುವವರ ಕಣ್ಣಿಗೆ ಎರಡೂ ಒಂದೇ ತೆರ.

ಕಳೆದ ವರ್ಷ, ೧೯೯೮ರ ಮಳೆಗಾಲದಲ್ಲಿ, ರಿಪೇರಿಗೆ ಹೋಗಿದ್ದ ರಕ್ತನಿಧಿಯ ಯಂತ್ರ ಹಾಗೆಯೇ ಹೊರಗುಳಿದು ವಾಪಸಾಯಿತು. ಯಾರಿಗೂ ತಿಳಿಯಲಿಲ್ಲ. ಆ ದಿನ ಮಾಯಕೊಂಡದ ಕಸ್ತೂರಮ್ಮನಿಗೆ ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಲಿಲ್ಲ. ಹೊಂದುವ ರಕ್ತ ಸಿಕ್ಕಿತ್ತು. ಸಿಕ್ಕಿದೆಯೆಂದು ಬರೆದೂ ಆಗಿತ್ತು. ಬರೆದದ್ದು ಆ ಯಂತ್ರದಲ್ಲೇ ಉಳಿಯಿತು. ವಾರ್ಡಿನವರು ಪರದೆ ನೋಡುತ್ತಾ ಕಾದರು. ಕೊನೆಗೆ ನರ್ಸ್ ರೂಪಶ್ರೀ ಓಡಿ ಬಂದು ರಕ್ತ ಒಯ್ದರು. ಮಗು ಉಳಿಯಿತು, ತಾಯಿ ಉಳಿಯಲಿಲ್ಲ. ಬೇಗ ಕೊಟ್ಟಿದ್ದರೆ ಬದುಕುತ್ತಿದ್ದರೇ ಎಂಬುದನ್ನು ವೈದ್ಯರೂ ಖಚಿತವಾಗಿ ಹೇಳಲಾರರು.

ಬಳೆ ಮಾರಿ ಸಂಸಾರ ತೂಗಿಸಿದ ಹಜೀರಾಬೀಯ ಮಗಳು ಸುಮೈರಾ. ಹರಿಹರದಲ್ಲಿ ಟೈಪಿಂಗ್ ಕಲಿತು ವರದಿ ಬೆರಳಚ್ಚು ಮಾಡಲು ಈ ಆಸ್ಪತ್ರೆಗೆ ಸೇರಿದವರು. ರಿಪೇರಿಯವರ ಪಕ್ಕ ಕೂತು ಕಂಪ್ಯೂಟರುಗಳ ನಿಗಾ ನೋಡಿಕೊಳ್ಳುವುದನ್ನೂ ಕಲಿತರು. ಕಸ್ತೂರಮ್ಮನ ಗಂಡ ತೋಟಪ್ಪ ವಾರದ ನಂತರ ಬಂದು ಆಗಿದ್ದೇನೆಂದು ಕೇಳಿದಾಗ, ಕಚೇರಿಯವರು ಯಂತ್ರ ಕೆಟ್ಟಿತ್ತು ಎಂದಷ್ಟೇ ಹೇಳಿ ಕಳಿಸಿದರು. ಹೆಚ್ಚು ಮಾತಾಡಬಾರದೆಂದು ಸುಮೈರಾಗೂ ತಾಕೀತಾಗಿತ್ತು. ಆದರೂ ಅವರು ಹೊರಗಿನ ಬೇವಿನ ಮರದ ಬಳಿ ಆತನನ್ನು ಕೂರಿಸಿ ನಡೆದದ್ದನ್ನೆಲ್ಲ ಹೇಳಿದರು.

ತೋಟಪ್ಪ ಬೈಯಲಿಲ್ಲ, ಅಳಲಿಲ್ಲ. "ಹಂಗಾರೆ ಅದು ಹೊರಗೆ ಉಳ್ಕಂಡೈತೆ ಅಂತ ಯಾರಿಗೂ ಗೊತ್ತಾಗಂಗಿಲ್ಲೇನವ್ವಾ?" ಎಂದು ಕೇಳಿದರು.

"ಅವರು ಕೇಳಿದ್ದು ನಿಜಾನೇ. ನಾನೂ ಆಮೇಲೆ ಆ ಯಂತ್ರ ತೆಗೆದು ನೋಡಿದ್ದೆ. ಡೊಮೈನಿನ ಹೆಸರು ಸರಿಯಾಗೇ ಇತ್ರಿ" ಎಂದು ಈಗ ನೆನೆಯುತ್ತಾರೆ ಸುಮೈರಾ. ರಿಪೇರಿಯವರು ಡೊಮೈನಿನ ಹೆಸರನ್ನೇ ವರ್ಕ್‌ಗ್ರೂಪಿಗೂ ಕೊಟ್ಟಿದ್ದರು.

ಮಾತಾಡಿದ್ದಕ್ಕೆ ಅವರನ್ನು ಕೆಲವು ತಿಂಗಳು ಚೀಟಿ ಕೊಡುವ ಕೌಂಟರಿಗೆ ಹಾಕಲಾಯಿತು. ಆಗಲೇ ಅವರು ಸ್ಕ್ರಿಪ್ಟ್ ಬರೆಯಲು ಕೂತದ್ದು. ಅಂದರೆ ಯಂತ್ರಕ್ಕೆ ಸಾಲುಸಾಲಾಗಿ ಕೊಡುವ ಸಣ್ಣ ಆದೇಶ. ಸರಸ್ವತಿ ನಗರದಲ್ಲಿ ತರಬೇತಿ ಕೇಂದ್ರ ನಡೆಸುವ ಬಕ್ಕೇಶ್ ಭಾನುವಾರಗಳಲ್ಲಿ ಕಂಪ್ಯೂಟರ್ ಬಿಟ್ಟುಕೊಟ್ಟರು. ಯಂತ್ರಗಳ ಕೆಲಸಕ್ಕೆ ಮರಳಿದ ಮೇಲೆ ಸುಮೈರಾ ಮೊದಲು ಸ್ಕ್ರಿಪ್ಟನ್ನು ಆಸ್ಪತ್ರೆಯ ಸರ್ವರಿನಲ್ಲಿಟ್ಟರು. ಹೊರಗುಳಿದ ಯಂತ್ರ ಸರ್ವರಿನ ಬಳಿಗೆ ಬರುವುದೇ ಇಲ್ಲವಲ್ಲ, ಅದು ಉಪಯೋಗಕ್ಕೆ ಬರಲಿಲ್ಲ. ಆಮೇಲೆ ಪ್ರತಿ ಯಂತ್ರದಲ್ಲೂ ಹಾಕಿದರು. ಈಗ ಅದು ಬರೀ ಹೆಸರು ನೋಡುವುದಿಲ್ಲ. ನೀನು ಡೊಮೈನಿನ ಸದಸ್ಯನೋ, ಬರೀ ವರ್ಕ್‌ಗ್ರೂಪಿನವನೋ ಎಂದು ಯಂತ್ರವನ್ನೇ ಕೇಳಿ, ಉತ್ತರವನ್ನು ಪರದೆಗೆ ತರುತ್ತದೆ. ರಿಪೇರಿಯಲ್ಲಿ ಸ್ಕ್ರಿಪ್ಟೇ ಅಳಿಸಿಹೋಗಬಹುದು. ಆದ್ದರಿಂದ ಸಾಲು ಕಾಣದಿದ್ದರೂ ತನ್ನನ್ನು ಕರೆಯಬೇಕೆಂದು ನರ್ಸ್‌ಗಳಿಗೆ ಹೇಳಿಕೊಟ್ಟಿದ್ದಾರೆ.

ಈ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಸಾಲು ಕಾಣದೆ ರೂಪಶ್ರೀ ಕರೆದರು. ವಾರ್ಡಿನ ಯಂತ್ರ ಹೊರಗಿತ್ತು. ಅದು ಸರಿಯಾಗುವವರೆಗೆ ನರ್ಸ್‌ಗಳು ಪ್ರತಿ ವರದಿಯನ್ನೂ ಕೈಯಲ್ಲಿ ಹಿಡಿದು ಓಡಾಡಿದರು. ಯಾರಿಗೂ ಏನೂ ಆಗಲಿಲ್ಲ. ಹಾಗಾಗಿ ಆ ದಿನದ ಬಗ್ಗೆ ಯಾರೂ ಮಾತಾಡುವುದೂ ಇಲ್ಲ.

ಇನ್ನೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಸುಮೈರಾ ಹೇಳುತ್ತಾರೆ:

"ಹೊರಗಿರೋ ಯಂತ್ರ ಏನೂ ಬರೆಸ್ಕೊಳ್ಳೋದೇ ಬ್ಯಾಡ್ರಿ. ಎಷ್ಟು ಒತ್ತಿದ್ರೂ ಸುಮ್ನೆ ನಿಂತುಬಿಡ್ಬೇಕು. ಹಂಗೆ ಮಾಡೋದನ್ನ ಕಲೀತಿದ್ದೀನಿ. ಆಗ ಬರಿಯೋಕೆ ಕೂತೋರು ಎದ್ದು ಹೋಗಿ ಬಾಯಲ್ಲಿ ಹೇಳ್ತಾರೆ, ರಕ್ತ ಐತೆ, ತಗಂಡ್ಹೋಗ್ರಿ ಅಂತ."